ಟಿಕ್ ಅಂದರೆ ಮಣಿ ಹೋಯಿತು
ಮೊದಲ ವಾರ ಮಾಡಿದ ಗಾಜಿನ ಮಣಿಗಳಲ್ಲಿ ಒಂದೂ ಉಳಿಯಲಿಲ್ಲ. ಬೆಂಕಿಯಿಂದ ತೆಗೆದಾಗ ಚೆನ್ನಾಗಿಯೇ ಇರುತ್ತಿದ್ದವು. ಸ್ವಲ್ಪ ಹೊತ್ತಿಗೆ ಟಿಕ್ ಅಂತ ಸಣ್ಣ ಸದ್ದು, ನೋಡಿದರೆ ಬಿರುಕು. ತುಂಬಾ ಇಷ್ಟಪಟ್ಟು ಮಾಡಿದ ನೀಲಿ ಮಣಿ ಎರಡು ಹೋಳಾದಾಗ ನಿಜಕ್ಕೂ ಅಳು ಬಂದಿತ್ತು.

ಗಾಜಿನ ಹೊರಮೈ ಬೇಗ ಆರುತ್ತದೆ, ಒಳಗೆ ಇನ್ನೂ ಬಿಸಿ ಇರುತ್ತದೆ. ಆ ಎಳೆದಾಟಕ್ಕೇ ಮಣಿ ಒಡೆಯುವುದು. ಈಗ ಮಣಿಯ ಕೆಂಪು ಇಳಿದ ಕೂಡಲೇ ಕಿಲ್ನ್ ಅನ್ನುವ ಬಿಸಿ ಗೂಡಿನೊಳಗೆ ಇಡುತ್ತೇನೆ. ನಾನು ಬಳಸುವ, ಕಡಿಮೆ ಶಾಖಕ್ಕೇ ಕರಗುವ ಮೆತ್ತನೆ ಗಾಜಿಗೆ ಸುಮಾರು 510 ಡಿಗ್ರಿ ಸೆಲ್ಸಿಯಸ್ ಇಟ್ಟಿರುತ್ತೇನೆ. ಕೊನೆಯ ಮಣಿ ಒಳಗೆ ಹೋದ ಮೇಲೂ ಒಂದು ಗಂಟೆ ಅದೇ ಶಾಖ. ಆಮೇಲೆ ರಾತ್ರಿಯಿಡೀ ನಿಧಾನವಾಗಿ ಆರಬೇಕು. ನಡುವೆ ಬಾಗಿಲು ತೆಗೆದು ನೋಡುವ ಆಸೆಯಾಗುತ್ತದೆ, ತೆಗೆಯಬೇಡಿ.

ಮಾಡುವಾಗಲೂ ಅವಸರ ಸಲ್ಲದು. ತೆಳು ಸ್ಟೀಲ್ ಕಡ್ಡಿಗೆ ಮಣ್ಣಿನಂಥ ಲೇಪ ಹಚ್ಚಿ ಒಣಗಿಸುತ್ತೇನೆ. ಅದಿಲ್ಲದಿದ್ದರೆ ಗಾಜು ಕಡ್ಡಿಗೇ ಕಚ್ಚಿಕೊಳ್ಳುತ್ತದೆ. ಗಾಜಿನ ಕಡ್ಡಿಯನ್ನು ಸೀದಾ ಗ್ಯಾಸ್ ಟಾರ್ಚಿನ ಬೆಂಕಿಗೆ ಹಿಡಿದರೆ ಚೂರುಗಳು ಸಿಡಿಯುತ್ತವೆ. ಹಾಗಾಗಿ ಮೊದಲು ಜ್ವಾಲೆಯ ತುದಿಯಲ್ಲಿ ಆಡಿಸಿ, ಮೆಲ್ಲಗೆ ಒಳಗೆ ತರುತ್ತೇನೆ. ತುದಿ ಕರಗಿ ಜೇನಿನ ತೊಟ್ಟಿನಂತೆ ಜೋತಾಗ, ಕಾದ ಸ್ಟೀಲ್ ಕಡ್ಡಿಗೆ ತಾಗಿಸಿ ಸುತ್ತುತ್ತೇನೆ. ಕಡ್ಡಿ ತಿರುಗುತ್ತಲೇ ಇರಬೇಕು. ಒಂದು ಕ್ಷಣ ನಿಂತರೂ ಗಾಜು ಕೆಳಗೆ ಇಳಿಬೀಳುತ್ತದೆ. ಸಮನಾಗಿ ತಿರುಗಿಸುತ್ತಿದ್ದರೆ ಒತ್ತುವುದು, ತಟ್ಟುವುದು ಏನೂ ಬೇಡ, ಸುಮ್ನೆ ತಾನೇ ದುಂಡಗಾಗುತ್ತದೆ!

ಡಿಡಿಮಿಯಮ್ ಕನ್ನಡಕ ಮಾತ್ರ ಬಿಡಬೇಡಿ. ಕಾದ ಗಾಜಿನ ಸೋಡಿಯಂ ಕಣ್ಣು ಕುಕ್ಕುವಷ್ಟು ಹಳದಿಯಾಗಿ ಉರಿಯುತ್ತದೆ. ಕನ್ನಡಕ ಆ ಹಳದಿಯನ್ನು ತಡೆಯುತ್ತದೆ, ಆಗಲೇ ಮಣಿ ಸರಿಯಾಗಿ ಕಾಣುವುದು.

ನನಗೆ ಜಾಸ್ತಿ ಇಷ್ಟ ದಂತದ ಬಣ್ಣದ ಮಣಿಯ ಮೇಲೆ ಹಸಿರುನೀಲಿ ಚುಕ್ಕಿ ಇಡುವುದು. ಒಂದರಲ್ಲಿ ಗಂಧಕ, ಇನ್ನೊಂದರಲ್ಲಿ ತಾಮ್ರ. ಎರಡೂ ಸೇರುವ ಕಡೆ ಕಪ್ಪು ಗೆರೆಯೊಂದು ತಾನಾಗಿಯೇ ಮೂಡುತ್ತದೆ. ಪೆನ್ನಿನಲ್ಲಿ ಬರೆದಷ್ಟು ಸಣ್ಣ ಗೆರೆ. ಯಾವ ಕುಂಚಕ್ಕೂ ಅದು ಬರುವುದಿಲ್ಲ ಅನಿಸುತ್ತದೆ.

ಆರಿದ ಮಣಿಯ ತೂತನ್ನು ನೀರಿನಲ್ಲಿ ಮುಳುಗಿಸಿಯೇ ಉಜ್ಜಿ. ಲೇಪದ ಪುಡಿ ಉಸಿರಿನೊಳಗೆ ಹೋಗಬಾರದು. ತೂತಿನ ಬಾಯಿ ಒಳಕ್ಕೆ ಕುಳಿ ಬಿದ್ದಂತೆ ನುಣುಪಾಗಿರಬೇಕು. ಚೂಪಾಗಿದ್ದರೆ ಸರದ ದಾರ ಸವೆದು ತುಂಡಾಗುತ್ತದೆ. ಅಂಥ ಮಣಿ ಎಷ್ಟೇ ಚೆಂದವಿರಲಿ, ನಾನು ಪೋಣಿಸುವುದಿಲ್ಲ. ಉಳಿದವನ್ನು ದೊಡ್ಡದು ನಡುವೆ ಬರುವಂತೆ ಜೋಡಿಸಿ, ಎರಡೆರಡು ಮಣಿಗಳ ನಡುವೆ ಒಂದು ಗಂಟು ಹಾಕುತ್ತೇನೆ. ಗಾಜಿಗೆ ಗಾಜು ತಾಗಬಾರದು, ಅಲ್ವಾ?