ನಗರದ ಸಾಗುವಳಿ ಭೂಮಿಯನ್ನು ಸಮುದಾಯದ ಒಡೆತನಕ್ಕೆ ತರುವುದು ಹೇಗೆ

ನಗರದ ಖಾಲಿ ಜಾಗದಲ್ಲಿ ನೆರೆಹೊರೆಯವರು ಸೇರಿ ತರಕಾರಿ ಬೆಳೆಯಲು ಹೊರಟಾಗ, ಬೀಜ ಬಿತ್ತುವ ಮೊದಲೇ ಆ ಭೂಮಿಯ ಹಕ್ಕು ಯಾರ ಹೆಸರಿನಲ್ಲಿದೆ, ಅದರ ಮೇಲೆ ಸಾಲವಾಗಲಿ ತೆರಿಗೆ ಬಾಕಿಯಾಗಲಿ ಇದೆಯೇ ಎಂಬುದನ್ನು ದಾಖಲೆಗಳಿಂದ ಖಚಿತಪಡಿಸಿಕೊಳ್ಳಬೇಕು. ಬಾಯಿಮಾತಿನ ಒಪ್ಪಿಗೆಯನ್ನು ನೆಚ್ಚಬಾರದು. ಲಾಸ್ ಏಂಜಲೀಸ್‌ನ ಸೌತ್ ಸೆಂಟ್ರಲ್ ಫಾರ್ಮ್‌ನಲ್ಲಿ ಸುಮಾರು 350 ಕುಟುಂಬಗಳು 14 ಎಕರೆಯಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಮುಸುಕಿನ ಜೋಳ, ಸೀಬೆ, ಪಾಪಾಸುಕಳ್ಳಿ, ಮದ್ದಿನ ಗಿಡಗಳನ್ನು ಬೆಳೆದಿದ್ದವು. 2003ರಲ್ಲಿ ನಗರಾಡಳಿತವು ಆ ಜಾಗವನ್ನು ಹಿಂದಿನ ಮಾಲೀಕರ ಕಡೆಗೆ ಮರಳಿ ಮಾರಿತು. 2006ರಲ್ಲಿ ಬೆಳೆಗಾರರನ್ನು ಒಕ್ಕಲೆಬ್ಬಿಸಿ ಬುಲ್ಡೋಜರ್ ಹರಿಸಲಾಯಿತು. ಅಷ್ಟು ವರ್ಷಗಳ ದುಡಿಮೆ ಅವರಿಗೆ ನೆಲದ ಮೇಲೆ ಹಕ್ಕನ್ನು ತಂದುಕೊಡಲಿಲ್ಲ.

ಆದ್ದರಿಂದ ಒಡೆತನವನ್ನೂ ಸಾಗುವಳಿಯನ್ನೂ ಬೇರ್ಪಡಿಸುವ ಸಮುದಾಯ ಭೂ ಟ್ರಸ್ಟ್ ಎಂಬ ವ್ಯವಸ್ಥೆ ಹೆಚ್ಚು ಭದ್ರವಾದುದು. ಲಾಭರಹಿತ ಸಂಸ್ಥೆಯೊಂದು ಭೂಮಿಯನ್ನು ತನ್ನ ಹೆಸರಿನಲ್ಲಿ ಇಟ್ಟುಕೊಂಡು, ಬೆಳೆಯುವವರಿಗೆ ದೀರ್ಘಾವಧಿಯ, ಅನೇಕ ಕಡೆ 99 ವರ್ಷಗಳ, ಗುತ್ತಿಗೆ ನೀಡುತ್ತದೆ. ಆಡಳಿತ ಮಂಡಳಿಯಲ್ಲಿ ಮೂರನೆಯ ಒಂದು ಪಾಲು ಗುತ್ತಿಗೆದಾರರು, ಮತ್ತೊಂದು ಪಾಲು ಸುತ್ತಲಿನ ನಿವಾಸಿಗಳು, ಉಳಿದ ಪಾಲು ಕಾನೂನು, ಕೃಷಿ, ಲೆಕ್ಕಪತ್ರ ಬಲ್ಲ ಸಾರ್ವಜನಿಕ ಪ್ರತಿನಿಧಿಗಳು ಇರುವುದು ಹಳೆಯ ರೂಢಿ. ನುರಿತವರ ಮಾತಿನ ಭಾರದಲ್ಲಿ ನಿವಾಸಿಗಳ ದನಿ ಅಡಗುವುದುಂಟು. ಹಾಗಾಗಿ ಭೂಮಿಯ ಪರಭಾರೆಗೆ, ಅಂದರೆ ಅದನ್ನು ಬೇರೆಯವರಿಗೆ ಮಾರಲು ಅಥವಾ ವರ್ಗಾಯಿಸಲು, ಗುತ್ತಿಗೆದಾರರ ಒಪ್ಪಿಗೆ ಕಡ್ಡಾಯವೆಂದು ಉಪವಿಧಿಯಲ್ಲಿಯೇ ಬರೆಯಿಸಬೇಕು.

ಈ ವ್ಯವಸ್ಥೆಯ ಮೂಲ ಗ್ರಾಮೀಣವಾದುದು. 1969ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ನಾಗರಿಕ ಹಕ್ಕುಗಳ ಹೋರಾಟದ ಚಾರ್ಲ್ಸ್ ಶೆರಾಡ್ ಮತ್ತು ಸಂಗಡಿಗರು ಕಪ್ಪು ಜನರ ಭೂಮಿಗಾಗಿ ನ್ಯೂ ಕಮ್ಯೂನಿಟೀಸ್ ಸಂಸ್ಥೆಯನ್ನು ಕಟ್ಟಿದರು; ಅದರ ಹಿಂದಿನ ಪ್ರೇರಣೆಗಳಲ್ಲಿ ಊರಿನ ಭೂಮಿಯನ್ನು ಊರಿನವರೆಲ್ಲರ ಒಡೆತನಕ್ಕೆ ಒಪ್ಪಿಸುವ ವಿನೋಬಾ ಭಾವೆಯವರ ಗ್ರಾಮದಾನವೂ ಒಂದು. ಸುಮಾರು 5,700 ಎಕರೆ ಕೈಗೆ ಬಂದಿತ್ತು, ಆದರೆ ಅದು ಸಾಲದಿಂದ ಕೊಂಡ ಭೂಮಿ. ಬರಗಾಲ ಬಂದಾಗ, ಜನಾಂಗ ತಾರತಮ್ಯದ ಕಾರಣ ಸರ್ಕಾರಿ ತುರ್ತು ಸಾಲ ವೇಳೆಗೆ ದೊರೆಯದೆ, 1985ರ ಹೊತ್ತಿಗೆ ಎಲ್ಲವೂ ಕೈತಪ್ಪಿತು. ಟ್ರಸ್ಟ್ ಆದ ಮಾತ್ರಕ್ಕೆ ಅಡಮಾನದಿಂದ ರಕ್ಷಣೆಯಿಲ್ಲ. ಕೊಳ್ಳುವ ಹಣ ಆದಷ್ಟು ದಾನ, ಅನುದಾನ, ಸದಸ್ಯರ ವಂತಿಗೆಯಿಂದ ಬರಲಿ. ಸಾಲ ಅನಿವಾರ್ಯವಾದರೆ ಕಂತು ಒಂದು ಬೆಳೆಯ ಫಸಲನ್ನೇ ನಂಬಿ ನಿಲ್ಲದಿರಲಿ. ತೆರಿಗೆ ಬಾಕಿಯಿಂದ ನಗರಾಡಳಿತದ ವಶಕ್ಕೆ ಬಂದ ನಿವೇಶನಗಳನ್ನು ಕಡಿಮೆ ಬೆಲೆಗೆ ಕೇಳುವುದೂ ಒಂದು ದಾರಿ.

ಹೆಚ್ಚು ಸಮಯವನ್ನು ಗುತ್ತಿಗೆ ಕರಾರಿಗೇ ಕೊಡಿ, ಏಕೆಂದರೆ ಮುಂದಿನ ಜಗಳಗಳೆಲ್ಲ ಅಲ್ಲಿಯೇ ತೀರ್ಮಾನವಾಗುತ್ತವೆ. ಗುತ್ತಿಗೆದಾರರು ಬಿಟ್ಟು ಹೋಗುವಾಗ ಅವರು ಹಾಕಿದ ಹಣ್ಣಿನ ಮರ, ಹನಿ ನೀರಾವರಿ ಕೊಳವೆ, ಸಾಮಾನು ಕೊಠಡಿಗಳಿಗೆ ಪರಿಹಾರ ಸಿಗಬೇಕು. ಆದರೆ ಭೂಮಿಯ ಏರಿದ ಮಾರುಕಟ್ಟೆ ಬೆಲೆ ಆ ಲೆಕ್ಕದಲ್ಲಿ ಸೇರಬಾರದು. ಈ ಒಂದು ಷರತ್ತು ಸಡಿಲವಾದರೆ ಬಡ ಬೆಳೆಗಾರರಿಗೆ ಮುಂದೆ ಆ ನೆಲ ಎಟುಕುವುದಿಲ್ಲ. ಮಕ್ಕಳಿಗೆ ಗುತ್ತಿಗೆ ಹೇಗೆ ದಾಟಬೇಕು, ಎಷ್ಟು ಕಾಲ ಪಾಳು ಬಿಟ್ಟರೆ ರದ್ದಾಗಬೇಕು, ನೀರಿನ ಬಿಲ್ಲನ್ನು ಯಾರು ಕಟ್ಟಬೇಕು ಎಂಬುದನ್ನೂ ಬರೆದಿಡಿ. ಟ್ರಸ್ಟ್ ಮುಚ್ಚಿದರೆ ಭೂಮಿ ಇದೇ ಉದ್ದೇಶದ ಮತ್ತೊಂದು ಸಂಸ್ಥೆಗೆ ಮಾತ್ರ ಹೋಗಬೇಕೆಂಬ ಷರತ್ತು ಸಂಸ್ಥಾಪನಾ ಪತ್ರದಲ್ಲಿ ಇರಲೇಬೇಕು.

ಮಣ್ಣಿನ ಪರೀಕ್ಷೆಯನ್ನು ಭೂಮಿ ಕೊಳ್ಳುವ ಮೊದಲೇ ಮಾಡಿಸಿ. ಹಳೆಯ ಕಟ್ಟಡದ ಬಣ್ಣ ಮತ್ತು ಹಿಂದಿನ ಕಾಲದ ಪೆಟ್ರೋಲ್‌ ಹೊಗೆಯಿಂದ ಬಿದ್ದ ಸೀಸವೆಂಬ ವಿಷಲೋಹ ಮೇಲ್ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಗೋಡೆಯ ಬುಡ ಮತ್ತು ರಸ್ತೆಯ ಅಂಚಿನ ಮಾದರಿಗಳನ್ನು ಬೇರೆಯಾಗಿಯೇ ಕಳಿಸಬೇಕು. ಸೀಸ ಹೆಚ್ಚಿದ್ದರೆ ಎತ್ತರದ ಮಡಿ ಕಟ್ಟಿ ಹೊರಗಿನ ಶುದ್ಧ ಮಣ್ಣು ತುಂಬಿಸಬೇಕಾಗುತ್ತದೆ, ಅದರ ಖರ್ಚು ಖರೀದಿ ಮಾತುಕತೆಯಲ್ಲಿಯೇ ಬರಬೇಕು.

ಫಸಲು ಯಾರ ಅಡುಗೆಮನೆಗೆ ಹೋಗುತ್ತದೆ ಎಂಬುದನ್ನು ಸದ್ಭಾವನೆಗೆ ಬಿಡಬೇಡಿ. ಮಾರಾಟಕ್ಕೆ ಬೆಳೆಯುವವರು ಇಂತಿಷ್ಟು ಪಾಲನ್ನು ಸುತ್ತಲಿನ ಮನೆಗಳಿಗೆ ಆದಾಯಕ್ಕೆ ತಕ್ಕ ಬೆಲೆಯಲ್ಲಿ ಮೊದಲು ಕೊಡಬೇಕೆಂದು ಕರಾರಿನಲ್ಲಿಯೇ ಸೇರಿಸಿ, ಆ ಪಾಲಿನ ಪ್ರಮಾಣವನ್ನು ಪ್ರತಿ ವರ್ಷ ನಿವಾಸಿಗಳ ಸಭೆಯಲ್ಲಿ ನಿಗದಿಪಡಿಸಿ.