ಪೋರ್ಟಲ್‌ಗೆ ಮುನ್ನವೇ ಆಟಗಾರರನ್ನು ಸೆಳೆದ ದೂರು ಬಂದಾಗ ತನಿಖೆ ಹೇಗೆ?

ಅಮೆರಿಕದ ಕಾಲೇಜು ಕ್ರೀಡೆಯ ಅತ್ಯುನ್ನತ ಹಂತವಾದ ಡಿವಿಷನ್ 1ರಲ್ಲಿ ಕಾಲೇಜು ಬದಲಿಸಬಯಸುವ ಆಟಗಾರರ ಹೆಸರು 2018ರ ಅಕ್ಟೋಬರ್‌ನಿಂದ ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆ ಎನ್‌ಸಿಎಎಯ ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ ದಾಖಲಾಗುತ್ತಿದೆ. ಆಟಗಾರರು ಲಿಖಿತವಾಗಿ ತಿಳಿಸಿ, ನಿಗದಿತ ಔಪಚಾರಿಕತೆ ಮುಗಿಸಿದ ಎರಡು ಕೆಲಸದ ದಿನಗಳೊಳಗೆ ಅವರ ಕಾಲೇಜು ಹೆಸರು ಸೇರಿಸಬೇಕು. ಅದಕ್ಕೆ ಮುನ್ನ ಬೇರೆ ಕಾಲೇಜಿನ ಕೋಚ್ ನೇರವಾಗಿಯೋ ಇನ್ನೊಬ್ಬರ ಮೂಲಕವೋ ಮಾತುಕತೆ ನಡೆಸಿದರೆ ಅದು ಟ್ಯಾಂಪರಿಂಗ್. ಓದಿನ ಅರ್ಹತೆ ಉಳಿಸಿಕೊಂಡವರು ಎಷ್ಟು ಸಲ ಬೇಕಾದರೂ ಕಾಲೇಜು ಬದಲಿಸಿ ತಕ್ಷಣ ಆಡಬಹುದೆಂದು 2024ರಲ್ಲಿ ತೀರ್ಮಾನವಾದ ಮೇಲೆ ಈ ನಿಯಮವನ್ನು ಕಾಯುವ ಹೊಣೆ ಇನ್ನಷ್ಟು ಭಾರವಾಗಿದೆ.

ದೂರು ಕೈಸೇರಿದ ದಿನವೇ ಕಾಲೇಜಿನ ಕಂಪ್ಲಯನ್ಸ್ (ನಿಯಮಪಾಲನೆ) ಅಧಿಕಾರಿ ಸಂಬಂಧಪಟ್ಟ ಸಿಬ್ಬಂದಿಗೆ ಕರೆಪಟ್ಟಿ, ಸಂದೇಶ, ಇಮೇಲ್ ಯಾವುದನ್ನೂ ಅಳಿಸಬಾರದೆಂದು ಲಿಖಿತ ಸೂಚನೆ ಕೊಡಬೇಕು. ತಾವಾಗಿಯೇ ಅಳಿಯುವ ಸಂದೇಶಗಳ ಆ್ಯಪ್ ಬಳಕೆಯಲ್ಲಿದ್ದರೆ ಆ ವ್ಯವಸ್ಥೆಯನ್ನು ತಮ್ಮ ಎದುರಿನಲ್ಲೇ ನಿಲ್ಲಿಸುವಂತೆ ಮಾಡುವುದು ಒಳ್ಳೆಯದು.

ತನಿಖೆಯ ಜೀವಾಳ ಕಾಲಾನುಕ್ರಮಣಿಕೆ. ಪೋರ್ಟಲ್‌ನಲ್ಲಿ ಹೆಸರು ದಾಖಲಾದ ಗಳಿಗೆಯನ್ನು ಒಂದು ಕಡೆ, ಮೊದಲ ಕರೆ ಅಥವಾ ಸಂದೇಶದ ಗಳಿಗೆಯನ್ನು ಇನ್ನೊಂದು ಕಡೆ ಬರೆದುಕೊಳ್ಳಿ. ಎರಡನ್ನೂ ಒಂದೇ ಕಾಲವಲಯಕ್ಕೆ ತಂದುಕೊಳ್ಳಿ, ಏಕೆಂದರೆ ನ್ಯೂಯಾರ್ಕಿನಲ್ಲಿ ರಾತ್ರಿ ಹನ್ನೊಂದಾದಾಗ ಲಾಸ್ ಏಂಜಲೀಸ್‌ನಲ್ಲಿ ಇನ್ನೂ ಎಂಟು ಗಂಟೆ, ಅಷ್ಟು ವ್ಯತ್ಯಾಸದಲ್ಲಿ ನಿರಪರಾಧಿಯೂ ತಪ್ಪಿತಸ್ಥನಾಗಿ ಕಾಣಬಹುದು. ಹೆಸರು ಕಾಣಿಸಿದ ಅರ್ಧ ಗಂಟೆಯಲ್ಲೇ ಆಟಗಾರ ಹೊಸ ಕಾಲೇಜಿಗೆ ಒಪ್ಪಿಗೆ ಘೋಷಿಸಿದ್ದರೆ ಅದು ಅನುಮಾನಕ್ಕೆ ಆಸ್ಪದವೇ ಹೊರತು ಸಾಕ್ಷ್ಯವಲ್ಲ. ಅಂಥ ಕಡೆ ಹಿಂದಿನ ವಾರಗಳಲ್ಲಿ ಹೈಸ್ಕೂಲಿನ ಹಳೆಯ ಕೋಚ್, ಏಜೆಂಟ್ ಅಥವಾ ಸಹ ಆಟಗಾರರ ಮೂಲಕ ಹಣದ ಮಾತು ಬಂದಿತ್ತೇ, ಬಂದಿದ್ದರೆ ಅವರನ್ನು ಕಳುಹಿಸಿದ್ದು ಯಾರು ಎಂಬುದನ್ನು ಕೆದಕಬೇಕು.

ಆಟಗಾರರನ್ನು ವಿಚಾರಿಸುವಾಗ ಗದರಿಸುವುದು ಸಲ್ಲದು. ಊರು ಬಿಟ್ಟು ಬಂದ ಹತ್ತೊಂಬತ್ತರ ಹುಡುಗಿಗೆ ತನ್ನ ಸ್ಕಾಲರ್‌ಶಿಪ್‌ಗೇ ಕುತ್ತು ಬಂತೆನ್ನಿಸಿದರೆ ಅವಳು ಬಾಯಿ ಬಿಡುವುದಿಲ್ಲ. ಪ್ರಶ್ನೆಯಿರುವುದು ಕೋಚ್‌ನ ನಡತೆಯ ಬಗ್ಗೆ ಎಂದು ಮೊದಲೇ ತಿಳಿಸಿ.

ತಪ್ಪು ನಮ್ಮ ಕೋಚ್‌ನದೇ ಎಂದು ಕಂಡುಬಂದರೆ ಮುಚ್ಚಿಡದೆ ಕಾಲೇಜೇ ಎನ್‌ಸಿಎಎಗೆ ವರದಿ ಮಾಡಬೇಕು. ಸಹಾಯಕರ ತಪ್ಪಿಗೂ ಮುಖ್ಯ ಕೋಚ್ ಹೊಣೆಯಾಗುವುದರಿಂದ, ಯಾರಿಗಾದರೂ ಕರೆ ಮಾಡುವ ಮುನ್ನ ಪೋರ್ಟಲ್‌ನಲ್ಲಿ ಹೆಸರು ನೋಡಿ, ನೋಡಿದ ಸಮಯವನ್ನು ಬರೆದಿಡುವಂತೆ ಸಿಬ್ಬಂದಿಗೆಲ್ಲ ಅವರಿಂದಲೇ ಆದೇಶ ಹೊರಡಿಸಿ.