ವ್ಯಾಪಾರ, ಮನೆ, ಮಕ್ಕಳು: ವಾರವನ್ನು ಹೊಂದಿಸುವ ಬಗೆ

ಭಾನುವಾರ ಗಂಡ ಹೆಂಡತಿ 20 ನಿಮಿಷ ಕೂತು ವಾರದ ಕ್ಯಾಲೆಂಡರ್ ತುಂಬಿಸಿ. ಮೊದಲು ಮಕ್ಕಳ ಪರೀಕ್ಷೆ, ಲಸಿಕೆ, ಶಾಲೆಯ ಸಭೆ. ಗ್ರಾಹಕರ ಭೇಟಿ ಆಮೇಲೆ. ಉಲ್ಟಾ ಮಾಡಿದರೆ ಮನೆಗೆ ಉಳಿಯುವುದು ಚೂರುಪಾರು ಹೊತ್ತು. ದಿನಕ್ಕೊಂದು ಗಂಟೆ ಖಾಲಿ ಬಿಡಿ, ಜ್ವರವೇನು ಹೇಳಿ ಬರುತ್ತದೆಯೇ?

ಮಗುವನ್ನು ಶಾಲೆಯಿಂದ ಕರೆತರುವ ಕೆಲಸದ ಎದುರು ಒಂದೇ ಹೆಸರಿರಲಿ. ‘ಇಬ್ಬರಲ್ಲಿ ಯಾರಾದರೂ’ ಎಂದು ಬರೆದ ದಿನವೇ ಮಗು ಗೇಟಿನ ಬಳಿ ಕಾಯುತ್ತಾ ನಿಲ್ಲುವುದು. ಇಬ್ಬರಿಗೂ ಆಗದಿದ್ದರೆ ಬರುವ ಮೂರನೆಯವರ ಹೆಸರು, ನಂಬರು ಶಾಲೆಗೆ ಮೊದಲೇ ಕೊಟ್ಟಿರಿ.

ವ್ಯಾಪಾರಕ್ಕೆ ಬೇರೆ ಸಿಮ್ ಇಟ್ಟು, ಸಂಜೆ 7ರಿಂದ 9 ಸೈಲೆಂಟ್ ಮಾಡಿ. ರಾತ್ರಿ ಹತ್ತಕ್ಕೆ ಎರಡು ಸಲ ಉತ್ತರಿಸಿದಿರೋ, ಗ್ರಾಹಕರಿಗೆ ಅದೇ ಅಂಗಡಿ ಸಮಯವಾಗುತ್ತದೆ.

ಖಾತೆಯೂ ಎರಡಿರಲಿ. ಗಲ್ಲಾಪೆಟ್ಟಿಗೆಗೆ ಕೈಹಾಕದೆ ತಿಂಗಳಿಗಿಷ್ಟೆಂದು ಸಂಬಳ ತೆಗೆಯಿರಿ; ಇಲ್ಲವಾದರೆ ಲಾಭವೆಷ್ಟೆಂದೇ ತಿಳಿಯದು.